ಆಚೆ ದಂಡೆ ನೋಡಿ ಹರಗೋಲು ಇಳಿಸಿ

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಅಣ್ಣನ ಮಗ ಮೊನ್ನೆ ಹೆಂಡತಿ, ಮಗಳ ಜೊತೆ ಕೊರ್ಲಹಳ್ಳಿಗೆ ಬಂದಿದ್ದ. ಊಟ ಮುಗಿಸಿ ಕಟ್ಟೆಯ ಮೇಲೆ ಕೂತಾಗ ಮಾತು ತೆಗೆದ. ‘ಕಾಕಾ, ಹುಡುಗೀನ ಸಾಲಿ ಬಿಡಸ್ಬೇಕಂತ ಮಾಡೀವಿ. ಮನ್ಯಾಗ ಓದಸ್ತೀವಿ. ಹೋಂಸ್ಕೂಲ್ ಡಿಪ್ಲೊಮಾ ಕೊಡೋ ಪ್ರೋಗ್ರಾಂ ಭಾಳ ಅದಾವಂತ. ಯಾವ್ದು ಚಲೋ?’ ಡಿಪ್ಲೊಮಾ ಅಂದಕೂಡಲೇ ನನ್ನ ತಲೆಗೆ ಬಂದದ್ದು ಪಾಲಿಟೆಕ್ನಿಕ್. ‘ಅಲ್ಲೋ, ಆಕಿ ಇನ್ನೂ ಎಂಟನೇತ್ತಾ. ಸಿವಿಲ್ಲೋ ಮೆಕ್ಯಾನಿಕಲ್ಲೋ ಅಂತ ಈಗಿಂದ ಯಾಕ ತಲಿ ಕೆಡಿಸ್ಕೊಂಡಿ?’ ಅಂದೆ. ಅವನ ಹೆಂಡತಿ ಸೆರಗು ಬಾಯಿಗೆ ಹಿಡಿದು ನಕ್ಕಳು.

ಅದೇ ದಿನ ಸಂಜೆ ಓಣಿಯ ಕುರಿಗಾರರೊಬ್ಬರು ಬಂದರು. ವರ್ಷದಲ್ಲಿ ಹಲವು ತಿಂಗಳು ಕುರಿ ಹೊಡೆದುಕೊಂಡು ಊರೂರು ತಿರುಗುವ ಕುಟುಂಬ ಅವರದು. ‘ಮಾಸ್ತರ್ರ, ನಮ್ಮ ಹುಡುಗ ಒಂಬತ್ತನೇತ್ತಾಕ ಸಾಲಿ ಬಿಟ್ಟಾನ. ಮನ್ಯಾಗ ಓದ್ಕೋಂತ ಹತ್ತನೇತ್ತಾ ಕಟ್ಟಾಕ ಬರತೈತೇನ್ರಿ?’ ಒಬ್ಬನ ಬಳಿ ಲ್ಯಾಪ್‌ಟಾಪಿನಲ್ಲಿ ಹತ್ತು ಪ್ರೋಗ್ರಾಂಗಳ ಪಟ್ಟಿ ಇತ್ತು, ಇನ್ನೊಬ್ಬರ ಬಳಿ ಹುಡುಗನ ಎಂಟನೇ ತರಗತಿಯ ಮಾರ್ಕ್ಸ್ ಕಾರ್ಡು. ಕೇಳಿದ್ದು ಮಾತ್ರ ಒಂದೇ ಪ್ರಶ್ನೆ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾದ ಮೇಲೆ ನನಗೆ ಅತಿ ಹೆಚ್ಚು ಬರುವ ಪ್ರಶ್ನೆಯೂ ಇದೇ. ಹಾಗಾಗಿ ಈ ವಾರ ಇದನ್ನೇ ಬಿಡಿಸಿ ನೋಡೋಣ.

ಮೊದಲು ಆ ಡಿಪ್ಲೊಮಾ ಪದದ ಗಂಟು ಬಿಚ್ಚಬೇಕು. ನಮ್ಮಲ್ಲಿ ಡಿಪ್ಲೊಮಾ ಅಂದರೆ ಎಸ್ಸೆಸ್ಸೆಲ್ಸಿ ಆದ ಮೇಲೆ ಮೂರು ವರ್ಷ ಓದುವ ಪಾಲಿಟೆಕ್ನಿಕ್ ಕೋರ್ಸು. ಅಮೆರಿಕದಲ್ಲಿ ಹೈಸ್ಕೂಲ್ ಡಿಪ್ಲೊಮಾ ಅಂದರೆ ಹನ್ನೆರಡನೆಯ ತರಗತಿ ಮುಗಿಸಿದ್ದಕ್ಕೆ ಕೊಡುವ ಪತ್ರ. ಟೆಕ್ಸಾಸ್‌ನಂಥ ರಾಜ್ಯದಲ್ಲಿ ಮನೆಯ ಪಾಠವನ್ನೂ ಖಾಸಗಿ ಶಾಲೆ ಎಂದೇ ಲೆಕ್ಕಕ್ಕೆ ಹಿಡಿಯುತ್ತಾರೆ. 1994ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ಹಾಗೆ ಒಪ್ಪಿತು. ಅಲ್ಲಿ ಅಪ್ಪ ಅವ್ವ ಸಹಿ ಮಾಡಿ ಮಗಳಿಗೆ ಡಿಪ್ಲೊಮಾ ಕೊಡಬಹುದು, ಕಾಲೇಜುಗಳೂ ಅದನ್ನು ನೋಡಿ, ಬೇರೆ ಪರೀಕ್ಷೆಯ ಅಂಕವನ್ನೂ ಸೇರಿಸಿ ಸೀಟು ಕೊಡುತ್ತವೆ. ನಮ್ಮಲ್ಲಿ ಅಪ್ಪನ ಸಹಿ ರಜೆಚೀಟಿಗೆ ಸಾಕು, ಸೀಟಿಗೆ ಸಾಲದು. ಇಲ್ಲಿ ಕಲಿಸುವುದು ಮನೆಯಾದರೂ ಪರೀಕ್ಷೆ ನಡೆಸಿ ಪತ್ರ ಕೊಡುವುದು ಬೋರ್ಡು. ಆದ್ದರಿಂದ ‘ಯಾವ ಡಿಪ್ಲೊಮಾ’ ಎನ್ನುವ ಪ್ರಶ್ನೆ ನಮ್ಮ ನೆಲಕ್ಕೆ ಬಂದಾಗ ‘ಯಾವ ಬೋರ್ಡಿನ ಪರೀಕ್ಷೆ’ ಎಂದಾಗುತ್ತದೆ.

ಇಲ್ಲಿ ನನ್ನ ಅಜ್ಜನ ಮಾತೊಂದು ಹೇಳಬೇಕು. ಈಗ ನಮ್ಮೂರಿನಿಂದ ಮದಲಗಟ್ಟಿಗೆ ತುಂಗಭದ್ರೆಯ ಮೇಲೆ ಸೇತುವೆ ಇದೆ, ಬಸ್ಸು ಹತ್ತಿದರೆ ಹನುಮಪ್ಪನ ಗುಡಿ. ಅಜ್ಜನ ಕಾಲಕ್ಕೆ ಹರಗೋಲೇ ಗತಿ. ಹೊಳೆ ತುಂಬಿದಾಗ ಹರಗೋಲು ನೆಟ್ಟಗೆ ಆಚೆ ಹೋಗುವುದಿಲ್ಲ, ಸೆಳವು ಅದನ್ನು ಕೆಳಕ್ಕೆ ಒಯ್ಯುತ್ತದೆ. ಹಾಗಾಗಿ ಅಂಬಿಗ ಮೊದಲು ಆಚೆ ದಂಡೆಯಲ್ಲಿ ಮುಟ್ಟಬೇಕಾದ ಜಾಗ ನೋಡುತ್ತಿದ್ದ. ಆಮೇಲೆ ಈಚೆ ದಂಡೆಯಲ್ಲೇ ಹರಗೋಲು ಹೊತ್ತು ಮೇಲಕ್ಕೆ ನಡೆದು, ಎಲ್ಲಿಂದ ಬಿಟ್ಟರೆ ಅಲ್ಲಿಗೆ ಮುಟ್ಟುತ್ತದೆ ಎಂದು ಅಂದಾಜು ಮಾಡಿ ನೀರಿಗೆ ಇಳಿಸುತ್ತಿದ್ದ. ಹರಗೋಲು ಎಷ್ಟು ಗಟ್ಟಿ ಎನ್ನುವುದು ಆಮೇಲಿನ ಮಾತು. ಬೋರ್ಡು ಆರಿಸುವಾಗ ತಂದೆತಾಯಿ ಇದನ್ನು ಉಲ್ಟಾ ಮಾಡುತ್ತಾರೆ. ಹರಗೋಲುಗಳನ್ನು ಸಾಲಾಗಿ ಇಟ್ಟು ಯಾವುದು ಚಲೋ ಎಂದು ಕೇಳುತ್ತಾರೆ. ಎಲ್ಲಿ ಮುಟ್ಟಬೇಕು ಎಂದು ಯಾರೂ ಹೇಳುವುದಿಲ್ಲ.

ನಮ್ಮ ಮಕ್ಕಳ ಮುಂದೆ ಇರುವ ದಾರಿಗಳು ಮುಖ್ಯವಾಗಿ ಮೂರು. ಒಂದು, ನಮ್ಮ ರಾಜ್ಯದ್ದೇ ಎಸ್ಸೆಸ್ಸೆಲ್ಸಿಯನ್ನು ಖಾಸಗಿ ಅಭ್ಯರ್ಥಿಯಾಗಿ ಬರೆಯುವುದು. ನಮ್ಮ ಕಡೆ ಇದಕ್ಕೆ ‘ಎಕ್ಸ್‌ಟರ್ನಲ್ ಕಟ್ಟೋದು’ ಅನ್ನುತ್ತಾರೆ. ಎರಡು, ಎನ್‌ಐಒಎಸ್, ಅಂದರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ. ಮೂರು, ಕೇಂಬ್ರಿಡ್ಜಿನಂಥ ವಿದೇಶಿ ಬೋರ್ಡುಗಳ ಪರೀಕ್ಷೆ. ಮೂರನೆಯದು ದುಬಾರಿ, ಪರೀಕ್ಷಾ ಕೇಂದ್ರಗಳು ದೊಡ್ಡ ಶಹರಗಳಲ್ಲಿ. ಹೊರದೇಶಕ್ಕೆ ಹೋಗಿ ಓದುವುದು ಖಚಿತ ಇದ್ದವರಿಗೆ ಅದು ಸರಿ. ಇಲ್ಲೇ ಓದುವವರು ಮುಂದೆ ಭಾರತೀಯ ವಿಶ್ವವಿದ್ಯಾಲಯಗಳ ಸಂಘದಿಂದ ಸಮಾನತೆಯ ಪತ್ರ, ಅದು ಇದು ಎಂದು ಓಡಾಡಬೇಕಾದೀತು. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಮಂದಿಗೆ ಮೊದಲಿನ ಎರಡೇ ದಾರಿ.

ಎನ್‌ಐಒಎಸ್ ಬಗ್ಗೆ ಜನರಲ್ಲಿ ಎರಡು ತಪ್ಪು ತಿಳಿವಳಿಕೆ ಇವೆ. ಕೆಲವರಿಗೆ ಅದು ದಡ್ಡರ ಬೋರ್ಡು, ಕೆಲವರಿಗೆ ಖಾಸಗಿ ಅಂಗಡಿ. ಎರಡೂ ಅಲ್ಲ. 1979ರಲ್ಲಿ ಸಿಬಿಎಸ್‌ಇ ಒಂದು ಪ್ರಯೋಗವಾಗಿ ಮುಕ್ತ ಶಾಲೆ ಶುರು ಮಾಡಿತು. 1989ರಲ್ಲಿ ಅದು ಕೇಂದ್ರ ಸರ್ಕಾರದ ಸ್ವಾಯತ್ತ ಸಂಸ್ಥೆಯಾಯಿತು, 2002ರಲ್ಲಿ ಈಗಿನ ಹೆಸರು ಬಂತು. ಹತ್ತನೆಯ ತರಗತಿಗೆ ಸೇರಲು 14 ವರ್ಷ ತುಂಬಿರಬೇಕು, ಹನ್ನೆರಡಕ್ಕೆ 15. ಮೇಲಿನ ಮಿತಿ ಇಲ್ಲ, ಅಜ್ಜನೂ ಮೊಮ್ಮಗನೂ ಒಂದೇ ಸಲ ಕಟ್ಟಬಹುದು. ಪಾಸಾಗಲು ಐದು ವಿಷಯ ಸಾಕು, ಅದರಲ್ಲಿ ಒಂದಾದರೂ ಭಾಷೆ ಇರಬೇಕು. ವರ್ಷಕ್ಕೆ ಎರಡು ಸಲ ಪರೀಕ್ಷೆ, ಏಪ್ರಿಲ್-ಮೇ ಹೊತ್ತಿಗೊಮ್ಮೆ, ಅಕ್ಟೋಬರ್-ನವೆಂಬರಿಗೊಮ್ಮೆ. ಒಮ್ಮೆ ನೋಂದಾಯಿಸಿದರೆ ಐದು ವರ್ಷ ಚಾಲ್ತಿ, ಅಷ್ಟರಲ್ಲಿ ಒಂಬತ್ತು ಅವಕಾಶ. ಈ ಸಲ ಎರಡು ವಿಷಯ, ಮುಂದಿನ ಸಲ ಮೂರು ಎಂದು ಬಿಡಿಬಿಡಿಯಾಗಿ ಮುಗಿಸಬಹುದು, ಪಾಸಾದದ್ದು ಕೈಬಿಟ್ಟು ಹೋಗುವುದಿಲ್ಲ. ಬೇರೆ ಮಾನ್ಯ ಬೋರ್ಡಿನಲ್ಲಿ ನಪಾಸಾದವರು ಅಲ್ಲಿ ಪಾಸಾದ ಎರಡು ವಿಷಯಗಳ ಅಂಕವನ್ನು ಇಲ್ಲಿಗೆ ತರಲಿಕ್ಕೂ ಅವಕಾಶ ಇದೆ. ಗಣಿತದಲ್ಲಿ ಒಮ್ಮೆ ಮುಗ್ಗರಿಸಿ ಮನೆ ಸೇರಿದ ಹುಡುಗರನ್ನು ಮೂವತ್ತು ವರ್ಷ ನೋಡಿದವನು ನಾನು. ಈ ಬಿಡಿಬಿಡಿ ಪಾಸಿನ ಬೆಲೆ ನನಗೆ ಗೊತ್ತು.

ಆದರೆ ‘ಮನೆಯಲ್ಲೇ ಓದು’ ಎನ್ನುವುದು ಇಲ್ಲಿಯೂ ಅರ್ಧ ಸತ್ಯ. ಫಾರ್ಮು ತುಂಬಿದ ಮೇಲೆ ಒಂದು ಅಧ್ಯಯನ ಕೇಂದ್ರ ಗೊತ್ತಾಗುತ್ತದೆ. ಅಸೈನ್‌ಮೆಂಟ್ ಬರೆದು ಕೊಡಬೇಕು, ಅದಕ್ಕೆ ನೂರಕ್ಕೆ ಇಪ್ಪತ್ತರ ತೂಕ. ವಿಜ್ಞಾನ ತೆಗೆದುಕೊಂಡರೆ ಪ್ರಾಕ್ಟಿಕಲ್‌ಗೆ ಹೋಗಲೇಬೇಕು. ಕೊರ್ಲಹಳ್ಳಿಯ ಹುಡುಗ ಮುಂಡರಗಿಗೆ ಹೋಗಿ, ಅಲ್ಲಿಂದ ಬಸ್ಸು ಬದಲಿಸಿ ಇನ್ನೆಷ್ಟು ದೂರ ಹೋಗಬೇಕು ಎಂದು ಫಾರ್ಮಿಗೆ ಮುಂಚೆಯೇ ಲೆಕ್ಕ ಹಾಕಬೇಕು. ಕನ್ನಡವನ್ನು ಒಂದು ಭಾಷೆಯಾಗಿ ಓದಬಹುದು. ಆದರೆ ಗಣಿತ, ವಿಜ್ಞಾನದ ಪುಸ್ತಕ ಯಾವ ಮಾಧ್ಯಮದಲ್ಲಿ ಕೈಗೆ ಬರುತ್ತದೆ, ಉತ್ತರ ಯಾವ ಭಾಷೆಯಲ್ಲಿ ಬರೆಯಬೇಕು ಎಂದು ಸೇರುವ ದಿನವೇ ಕೇಳಿಕೊಳ್ಳಿ. ಎಂಟು ವರ್ಷ ‘ಲಘುತ್ತಮ ಸಾಮಾನ್ಯ ಅಪವರ್ತ್ಯ’ ಎಂದು ಕಲಿತ ಹುಡುಗನ ಮುಂದೆ ಇಂಗ್ಲಿಷ್ ಪುಸ್ತಕ ಇಟ್ಟರೆ ಅವನು ಗಣಿತಕ್ಕಲ್ಲ, ಭಾಷೆಗೆ ಹೆದರಿ ಮತ್ತೆ ಬಿಡುತ್ತಾನೆ.

ಇನ್ನೊಂದು ಆಮಿಷವಿದೆ. ಎನ್‌ಐಒಎಸ್ ಹತ್ತನೆಯದರಲ್ಲಿ ಗಣಿತ ಕಡ್ಡಾಯ ಅಲ್ಲ. ಇದನ್ನು ಕೇಳಿದ ಮಕ್ಕಳ ಮುಖ ಅರಳುವುದನ್ನು ನಾನೇ ನೋಡಿದ್ದೇನೆ. ಗಣಿತ ಬಿಟ್ಟು ಪಾಸಾದ ಮೇಲೆ ಪಾಲಿಟೆಕ್ನಿಕ್ಕಿನ ಕೌಂಟರಿನಲ್ಲಿ ‘ಗಣಿತ, ವಿಜ್ಞಾನದ ಅಂಕ ಎಲ್ಲಿ?’ ಎಂದಾಗ ಅದೇ ಮುಖ ಬಾಡುತ್ತದೆ. ಗಣಿತ ಬಿಡಬೇಡಿ ಎಂದು ಗಣಿತದ ಮಾಸ್ತರನಾಗಿ ಹೇಳುತ್ತಿಲ್ಲ. ಸಂಗೀತಕ್ಕೋ ಚಿತ್ರಕಲೆಗೋ ಹೋಗುವ ಮಗು ಬಿಡಲಿ, ಅದರ ದಂಡೆ ಬೇರೆ. ದಂಡೆ ಯಾವುದೆಂದು ಗೊತ್ತಿಲ್ಲದವರು ಮಾತ್ರ ಗಣಿತವನ್ನು ಹರಗೋಲಿನಲ್ಲೇ ಇಟ್ಟುಕೊಂಡಿರಲಿ.

ಎಕ್ಸ್‌ಟರ್ನಲ್ ಎಸ್ಸೆಸ್ಸೆಲ್ಸಿಯ ಗುಣ ಬೇರೆ. ಇದು ನಮ್ಮದೇ ರಾಜ್ಯದ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯದು. ಶಾಲೆಯ ಮಕ್ಕಳು ಓದುವ ಪುಸ್ತಕವೇ ಓದಬೇಕು, ಮೂರು ಭಾಷೆ ಮೂರು ವಿಷಯ, ಒಟ್ಟು ಆರು. ಬಿಡುವ ಆಯ್ಕೆ ಇಲ್ಲ. ಪುಸ್ತಕ ಓಣಿಯಲ್ಲೇ ಸಿಗುತ್ತದೆ, ಬರೆಯುವುದು ಕನ್ನಡದಲ್ಲಿ, ಹೇಳಿಕೊಡಲು ಊರಿನ ಮಾಸ್ತರರೇ ಇದ್ದಾರೆ. ಎಲ್ಲಕ್ಕಿಂತ ಹೆಚ್ಚಾಗಿ, ನೌಕರಿಯ ಜಾಹೀರಾತಿನಲ್ಲಿ ‘ಎಸ್ಸೆಸ್ಸೆಲ್ಸಿ ಅಥವಾ ತತ್ಸಮಾನ’ ಎಂದಿದ್ದರೆ ಇವನ ಕೈಯಲ್ಲಿ ಎಸ್ಸೆಸ್ಸೆಲ್ಸಿಯೇ ಇರುತ್ತದೆ, ತತ್ಸಮಾನ ಎಂದು ಯಾರಿಗೂ ರುಜುವಾತು ಮಾಡಬೇಕಿಲ್ಲ. 2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆಯ ಪದ್ಧತಿ ಬಂದಿತು. ಈ ನಿಯಮಗಳು ಆಗಾಗ ಬದಲಾಗುತ್ತವೆ, ಆಯಾ ವರ್ಷದ ಸುತ್ತೋಲೆಯನ್ನು ಹತ್ತಿರದ ಹೈಸ್ಕೂಲಿನ ಆಫೀಸಿನಲ್ಲಿ ಓದಿಸಿಕೊಳ್ಳಿ. ಪಿಯುಸಿಯನ್ನೂ ಹೀಗೆ ಹೊರಗಿನಿಂದ ಕಟ್ಟಬಹುದು, ಆದರೆ ಕಲೆ ಮತ್ತು ವಾಣಿಜ್ಯ ಮಾತ್ರ. ಪ್ರಾಕ್ಟಿಕಲ್ ಇರುವ ಕಾರಣ ವಿಜ್ಞಾನಕ್ಕೆ ಈ ಬಾಗಿಲು ಇಲ್ಲ.

ಆ ‘ತತ್ಸಮಾನ’ ಎನ್ನುವ ಪದ ನೋಡಲು ಸಣ್ಣದು, ಅದರ ಹಿಂದೆ ಕೋರ್ಟಿನ ಕಟಕಟೆ ಇದೆ. ಮುಕ್ತ ಶಾಲೆಯಲ್ಲಿ ಹನ್ನೆರಡು ಮುಗಿಸಿದವರು ಡಾಕ್ಟರಾಗುವ ಹಾಗಿಲ್ಲ ಎಂಬ ನಿಯಮ ವೈದ್ಯ ಶಿಕ್ಷಣದಲ್ಲಿ ಇತ್ತು. 2018ರಲ್ಲಿ ದೆಹಲಿ ಹೈಕೋರ್ಟ್ ಅದನ್ನು ತಳ್ಳಿಹಾಕಿತು. ಸುಪ್ರೀಂ ಕೋರ್ಟಿನಲ್ಲಿ ಆ ವ್ಯಾಜ್ಯ ತೀರಿ, ಅಂಥವರೂ ನೀಟ್ ಬರೆಯಬಹುದು ಎಂದು ಇತ್ಯರ್ಥವಾಗುವ ಹೊತ್ತಿಗೆ 2024 ಬಂದಿತ್ತು. ಕಡೆಗೆ ಮಕ್ಕಳೇ ಗೆದ್ದರು ಎಂಬುದು ಸಂತೋಷ. ಆದರೆ ಆ ಆರು ವರ್ಷ ಹದಿನೆಂಟರ ವಯಸ್ಸಿನಲ್ಲಿ ಸಣ್ಣದಲ್ಲ.

ಹಳ್ಳಿಯ ತಂದೆತಾಯಿ ಇನ್ನೊಂದು ಲೆಕ್ಕವನ್ನು ಮರೆಯುತ್ತಾರೆ. ಒಂದರಿಂದ ಹತ್ತರವರೆಗೆ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿದವರಿಗೆ ಸಿಇಟಿಯಲ್ಲಿ ಶೇಕಡ 15 ಸೀಟುಗಳ ಮೀಸಲಾತಿ ಇದೆ. ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡ 5. ರಾಜ್ಯ ಸರ್ಕಾರದ ನೌಕರಿಯಲ್ಲೂ ಗ್ರಾಮೀಣರಿಗೆ, ಕನ್ನಡ ಮಾಧ್ಯಮದವರಿಗೆ ಪಾಲು ಇದೆ. ಇದನ್ನು ಕೇಳಲು ಬೇಕಾದದ್ದು ಜಾಣತನವಲ್ಲ, ಹೆಡ್‌ಮಾಸ್ತರರ ಸಹಿ, ಬಿಇಒ ಮೇಲುಸಹಿ ಇರುವ ವ್ಯಾಸಂಗ ಪತ್ರ. ಎಂಟನೆಯದಕ್ಕೆ ಶಾಲೆ ಬಿಟ್ಟ ಹುಡುಗನಿಗೆ ಒಂಬತ್ತು, ಹತ್ತರ ವ್ಯಾಸಂಗ ಪತ್ರ ಕೊಡುವವರು ಯಾರು? ನಮ್ಮ ಸೇತುವೆಯ ಮೇಲೆ ನಿಂತರೆ ಕಾಗದದ ಮಹಿಮೆ ಕಣ್ಣಿಗೇ ಕಾಣುತ್ತದೆ. ಆಚೆಯ ಹೂವಿನಹಡಗಲಿ ತಾಲ್ಲೂಕು ಕಲ್ಯಾಣ ಕರ್ನಾಟಕಕ್ಕೆ ಸೇರಿದ್ದು, ಅಲ್ಲಿನ ಮಕ್ಕಳಿಗೆ ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಉಂಟು. ಈಚೆ ದಂಡೆಯ ಗದಗ ಜಿಲ್ಲೆಗೆ ಅದಿಲ್ಲ. ಎರಡೂ ದಂಡೆಯವರು ಕುಡಿಯುವ ನೀರು ಒಂದೇ, ಕೈಯಲ್ಲಿರುವ ಕಾಗದ ಬೇರೆ. ಹಾಗಿರುವಾಗ ನಮ್ಮ ಮಕ್ಕಳು ಇರುವ ಗ್ರಾಮೀಣ ಕೋಟಾವನ್ನೂ ತಿಳಿಯದೆ ಬಿಟ್ಟುಕೊಟ್ಟರೆ ಹೇಗೆ? ಬೆಂಗಳೂರಿನ ಅಣ್ಣನ ಮಗನಿಗೆ ಈ ನಷ್ಟ ಇಲ್ಲ, ಅವನ ಮಗಳಿಗೆ ಈ ಕೋಟಾ ಮೊದಲೇ ಇರಲಿಲ್ಲ. ಹಾಗಾಗಿ ಅವನಿಗೆ ಸರಿಹೋಗುವ ಸಲಹೆ ಕುರಿಗಾರರಿಗೆ ಸರಿಹೋಗುವುದಿಲ್ಲ.

ಮೋಸದ ಮಾತನ್ನೂ ಹೇಳಿಬಿಡುತ್ತೇನೆ, ಅದು ನಮ್ಮ ಮನೆಯಲ್ಲೇ ಆಗಿದೆ. ದೂರದ ಸಂಬಂಧಿಯ ಮಗನೊಬ್ಬ ‘ಒಂದೇ ವರ್ಷದಲ್ಲಿ ಹತ್ತು ಮತ್ತು ಹನ್ನೆರಡು’ ಎಂಬ ಗೋಡೆ ಬರಹ ನೋಡಿ ದಲ್ಲಾಳಿಯೊಬ್ಬನಿಗೆ ದುಡ್ಡು ಕಟ್ಟಿದ. ಹೊಳೆಯುವ ಮುದ್ರೆಯ ಎರಡು ಮಾರ್ಕ್ಸ್ ಕಾರ್ಡು ಬಂದವು. ಅವನ್ನು ಹಿಡಿದು ನೌಕರಿಗೆ ಅರ್ಜಿ ಹಾಕಿದ. ದೈಹಿಕ ಪರೀಕ್ಷೆ ಗೆದ್ದು, ಲಿಖಿತ ಪರೀಕ್ಷೆ ಗೆದ್ದು, ದಾಖಲಾತಿ ಪರಿಶೀಲನೆಯ ದಿನ ಕೂತಾಗ ಆ ಬೋರ್ಡಿನ ಹೆಸರು ಮಾನ್ಯತೆಯ ಪಟ್ಟಿಯಲ್ಲೇ ಇರಲಿಲ್ಲ. ನಾವು ಮೊದಲೇ ಸ್ವಲ್ಪ ಯೋಚಿಸಿದ್ದರೆ ಸಾಕಿತ್ತು. ಎನ್‌ಐಒಎಸ್‌ನಲ್ಲೇ ಹತ್ತು ಪಾಸಾದ ಎರಡು ವರ್ಷಕ್ಕೆ ಮೊದಲು ಹನ್ನೆರಡರ ಪ್ರಮಾಣಪತ್ರ ಕೊಡುವುದಿಲ್ಲ. ಹಾಗಿದ್ದಮೇಲೆ ಒಂದು ವರ್ಷದಲ್ಲಿ ಎರಡೂ ಎನ್ನುವವನು ಏನು ಮಾರುತ್ತಿದ್ದಾನೆ? ಶಾಲಾ ಮಂಡಳಿಗಳ ಒಕ್ಕೂಟವಾದ ಕಾಬ್ಸೆಯ ಪಟ್ಟಿಯಲ್ಲಿ ಹೆಸರು ನೋಡಿ, ದಲ್ಲಾಳಿಯನ್ನು ಬಿಟ್ಟು ಸಂಸ್ಥೆಯ ಸ್ವಂತ ಜಾಲತಾಣದಲ್ಲೇ ಫಾರ್ಮು ತುಂಬಿ. ಮಾನ್ಯತೆ ‘ಇದೆಯೇ’ ಎಂದಷ್ಟೇ ಕೇಳಿದರೆ ಸಾಲದು, ‘ಈ ವರ್ಷಕ್ಕೆ ಇದೆಯೇ’ ಎಂದು ಕೇಳಬೇಕು. ಮೈಸೂರಿನ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಸರ್ಕಾರದ್ದೇ. ಆದರೂ 2015ರಲ್ಲಿ ಯುಜಿಸಿ ಅದರ ಕೋರ್ಸುಗಳಿಗೆ ಮಾನ್ಯತೆ ಇಲ್ಲ ಎಂದಾಗ ಓದುತ್ತಿದ್ದವರೆಲ್ಲ ಬೀದಿಯಲ್ಲಿ ನಿಂತರು. ಮಾನ್ಯತೆ ಮರಳಿದ್ದು 2018ರಲ್ಲಿ.

ಇಷ್ಟೆಲ್ಲ ಕಾಗದದ ಪುರಾಣ ಹೇಳಿದಾಗ ಅಣ್ಣನ ಮಗ ಒಂದು ಬಾಣ ಬಿಟ್ಟ. ‘ಹಂಗಾರ ಭೀಮಸೇನ ಜೋಶಿಯವರು ಎಸ್ಸೆಸ್ಸೆಲ್ಸಿ ಕಾರ್ಡ್ ತೋರಿಸಿ ಹಾಡಿದ್ರೇನು ಕಾಕಾ?’ ಸರಿಯಾದ ಪ್ರಶ್ನೆ. ಗದಗಿನ ಆ ಹುಡುಗ 1933ರಲ್ಲಿ, ಹನ್ನೊಂದರ ವಯಸ್ಸಿಗೆ ಮನೆ ಬಿಟ್ಟು ಗುರುವನ್ನು ಹುಡುಕಿ ಹೊರಟ. ಅದೇ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಕಣ್ಣು ಕಾಣದ, ಶಾಲೆಗೆ ಬೇಡವಾಗಿದ್ದ ಎಷ್ಟೋ ಮಕ್ಕಳಿಗೆ ವಿದ್ಯೆ ಕೊಟ್ಟರು. ಶಾಲೆಯ ಆಚೆಗೂ ಕಲಿಕೆ ಇದೆ ಎನ್ನಲು ನಮ್ಮ ಜಿಲ್ಲೆಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಆದರೆ ಆ ಆಶ್ರಮದಲ್ಲಿ ಕಲಿತವರೂ ಸಂಗೀತ ಶಿಕ್ಷಕರ ಹುದ್ದೆಗೆ ಅರ್ಜಿ ಹಾಕುವಾಗ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಯ ಪತ್ರ ಜೋಡಿಸುತ್ತಾರೆ. ಕಚೇರಿಯಲ್ಲಿ ಹಾಡಲು ಗುರು ಸಾಕು, ಸರ್ಕಾರಿ ಕಚೇರಿಯಲ್ಲಿ ಗುರುವಿನ ಜೊತೆ ಗುಮಾಸ್ತನೂ ಬೇಕು. ಮನೆಯಲ್ಲೇ ಓದಿ, ಪ್ರೋಗ್ರಾಮಿಂಗ್ ಒಲಿಂಪಿಯಾಡ್‌ನಲ್ಲಿ ಮೂರು ಪದಕ ಗೆದ್ದ ಮುಂಬೈನ ಹುಡುಗಿಯೊಬ್ಬಳು 2016ರಲ್ಲಿ ಅಮೆರಿಕದ ಎಂಐಟಿ ಸೇರಿದ ಸುದ್ದಿ ನಿಮಗೆ ನೆನಪಿರಬಹುದು. ಹನ್ನೆರಡನೆಯ ತರಗತಿಯ ಪತ್ರ ಇಲ್ಲದ ಕಾರಣಕ್ಕೆ ನಮ್ಮ ಐಐಟಿಗಳಲ್ಲಿ ಅವಳಿಗೆ ಜಾಗ ಇರಲಿಲ್ಲ. ಇದು ನಮ್ಮ ವ್ಯವಸ್ಥೆಯ ಕುಂದು ಎಂದು ನಾನೂ ಒಪ್ಪುತ್ತೇನೆ. ಆದರೆ ಆ ಕುಂದು ಸರಿಹೋಗುವವರೆಗೆ ನಮ್ಮ ಮಗು ಕಾಯಬೇಕೇ ಎನ್ನುವುದು ತಂದೆತಾಯಿ ಕೇಳಿಕೊಳ್ಳಬೇಕಾದ ಪ್ರಶ್ನೆ.

ನನ್ನ ಅಸಲಿ ಭಯ ಬೇರೆ. ಬೆಂಗಳೂರಿನಲ್ಲಿ ‘ಮನೆಯಲ್ಲಿ ಓದಿಸುತ್ತೇವೆ’ ಎಂದರೆ ಅವ್ವ ನೌಕರಿ ಬಿಟ್ಟು ಪಕ್ಕದಲ್ಲಿ ಕೂರುತ್ತಾಳೆ. ನಮ್ಮ ಕಡೆ ಹೆಣ್ಣುಮಗುವಿನ ವಿಷಯದಲ್ಲಿ ‘ಮನ್ಯಾಗ ಓದತಾಳ್ರಿ’ ಎಂದರೆ ಎಷ್ಟೋ ಸಲ ಓದು ಮುಗಿಯಿತು ಎಂದೇ ಅರ್ಥ. ದನದ ಮೇವು, ತಮ್ಮನ ತೊಟ್ಟಿಲು, ಹೊಲದ ಕಳೆ, ಆಮೇಲೆ ಯಾರದೋ ಮನೆಯಿಂದ ಹೆಣ್ಣು ನೋಡಲು ಬಂದರು ಎಂಬ ಸುದ್ದಿ. ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದದ್ದು 2010ರಲ್ಲಿ, ಅದರ ರಕ್ಷಣೆ ಆರರಿಂದ ಹದಿನಾಲ್ಕರವರೆಗೆ. ಹದಿನಾಲ್ಕರಿಂದ ಹದಿನೆಂಟರ ನಡುವೆ ನಮ್ಮ ಹೆಣ್ಣುಮಕ್ಕಳನ್ನು ಕಾಯುವುದು ಹೆಚ್ಚಾಗಿ ಹಾಜರಿ ಪುಸ್ತಕವೇ. ಮೂರು ದಿನ ಬರದಿದ್ದರೆ ‘ಯಾಕ ಬಂದಿಲ್ಲ?’ ಎಂದು ಒಬ್ಬ ಟೀಚರಾದರೂ ಕೇಳುತ್ತಾಳೆ, ಮಧ್ಯಾಹ್ನ ಬಿಸಿಯೂಟ ಸಿಗುತ್ತದೆ. ಮುಕ್ತ ಶಾಲೆಗೆ ಐದು ವರ್ಷದ ಅವಧಿ ಇದೆ, ಹಾಜರಿ ಕೂಗುವವರಿಲ್ಲ. ಆದ್ದರಿಂದ ನಡೆದು ಹೋಗುವ ದೂರದಲ್ಲಿ ಹೈಸ್ಕೂಲು ಇರುವ ಹಳ್ಳಿಯಲ್ಲಿ, ಮಗು ಹೋಗಲು ತಯಾರಿದ್ದರೆ, ಶಾಲೆಯೇ ನನ್ನ ಮೊದಲ ಸಲಹೆ. ಉಳಿದೆಲ್ಲ ಬೋರ್ಡು ಆಮೇಲೆ.

ಆ ದಿನ ರಾತ್ರಿ ನಾನು ಇಬ್ಬರಿಗೂ ಉತ್ತರ ಕೊಟ್ಟಿರಲಿಲ್ಲ. ಮಕ್ಕಳನ್ನೇ ಕರೆದು ಕೇಳಿದೆ. ಕುರಿಗಾರರ ಹುಡುಗ ನಾಚುತ್ತ ‘ಬಸ್ ಡ್ರೈವರ್ ಆಗ್ತೀನ್ರಿ’ ಅಂದ. ಸಾರಿಗೆ ಸಂಸ್ಥೆಯ ಚಾಲಕ-ನಿರ್ವಾಹಕನಾಗಲು ಎಸ್ಸೆಸ್ಸೆಲ್ಸಿ ಬೇಕು. ಹಾಗಾದರೆ ನಿನ್ನ ದಂಡೆ ಎಸ್ಸೆಸ್ಸೆಲ್ಸಿಯೇ, ಕನ್ನಡದಲ್ಲೇ ಅಂದೆ. ಮರುದಿನ ಅವರಪ್ಪನನ್ನು ಕರೆದುಕೊಂಡು ಹೈಸ್ಕೂಲಿಗೆ ಹೋಗಿ ಮತ್ತೆ ಒಂಬತ್ತಕ್ಕೆ ಸೇರಿಸಿಕೊಳ್ಳುವಿರಾ ಎಂದು ವಿಚಾರಿಸಿದ್ದೇವೆ. ಅದು ಕೂಡಿಬರದಿದ್ದರೆ ಎಕ್ಸ್‌ಟರ್ನಲ್ ಕಟ್ಟುವುದು. ಹಳೆಯ ವರ್ಗಾವಣೆ ಪತ್ರ, ಆಧಾರ್, ಶಾಲೆಯ ಸ್ಯಾಟ್ಸ್ ನಂಬರು, ಮೂರರಲ್ಲೂ ಹೆಸರು ಮತ್ತು ಹುಟ್ಟಿದ ತಾರೀಖು ಒಂದೇ ಇದೆಯೇ ಎಂದು ಈಗಲೇ ನೋಡಿದೆವು. ಆಧಾರಿನಲ್ಲಿ ಒಂದು ಅಕ್ಷರ ಬೇರೆ ಇತ್ತು, ತಿದ್ದಿಸಲು ಕೊಟ್ಟಿದೆ.

ಅಣ್ಣನ ಮೊಮ್ಮಗಳು ಮಾತ್ರ ಬಹಳ ಹೊತ್ತು ಬಾಯಿ ಬಿಡಲಿಲ್ಲ. ಆ ಹುಡುಗನ ಜೊತೆ ಮಧ್ಯಾಹ್ನವೆಲ್ಲ ಕುರಿಹಟ್ಟಿಯಲ್ಲಿದ್ದು ಬಂದಿದ್ದಳು, ಫ್ರಾಕಿನ ತುಂಬ ಹಿಕ್ಕಿಯ ವಾಸನೆ. ಕೊನೆಗೆ ‘ಅಜ್ಜಾ, ಕುರಿ ಡಾಕ್ಟರ್ ಆಗೋಕೆ ಏನು ಓದ್ಬೇಕು?’ ಅಂದಳು. ಅವರಪ್ಪ ಲ್ಯಾಪ್‌ಟಾಪಿನಿಂದ ತಲೆ ಎತ್ತಿದ. ಪಶುವೈದ್ಯಕೀಯಕ್ಕೆ ಹನ್ನೆರಡರಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಬೇಕು, ಆ ಪಾಠಕ್ಕೆ ಲ್ಯಾಬ್ ಬೇಕು, ಅಂದರೆ ಪಿಯು ಕಾಲೇಜು ಬೇಕು. ಅಲ್ಲಿಂದ ಹಿಂದಕ್ಕೆ ಬಂದರೆ ಹತ್ತರಲ್ಲಿ ಗಣಿತ, ವಿಜ್ಞಾನ ಬಿಡುವಂತಿಲ್ಲ. ಹತ್ತನ್ನು ಎನ್‌ಐಒಎಸ್‌ನಲ್ಲಿ ಮಾಡಿದರೂ ನಡೆದೀತು, ಆದರೆ ಬೇರೆ ಬೋರ್ಡಿನಿಂದ ಬಂದವರಿಗೆ ಏನೇನು ಪತ್ರ ಬೇಕು ಎಂದು ಕಾಲೇಜಿನಲ್ಲಿ ಈಗಲೇ ಕೇಳಿಟ್ಟುಕೋ ಅಂದೆ. ನಮ್ಮ ಗದಗಿನಲ್ಲೇ ಪಶುವೈದ್ಯಕೀಯ ಕಾಲೇಜು ಇದೆ ಎಂದೂ ಸೇರಿಸಿದೆ.

ಅವನು ಹತ್ತು ಪ್ರೋಗ್ರಾಂಗಳ ಪಟ್ಟಿಯಲ್ಲಿ ಒಂದೊಂದನ್ನೇ ಅಳಿಸುತ್ತ ಹೋದ. ಎರಡು ಉಳಿದವು. ‘ಇನ್ನ ಇವ್ರಡ್ರಾಗ ಯಾವ್ದು ಕಾಕಾ?’ ಎಂದು ಕೇಳಲು ನನ್ನ ಕಡೆ ತಿರುಗಿದವನು, ತಡೆದು ಮಗಳ ಕಡೆ ತಿರುಗಿದ. ಆದರೆ ಅವಳು ಅಲ್ಲಿರಲಿಲ್ಲ. ಮರಿ ಈಯುವ ಹೊತ್ತಾಗಿದೆ ಎಂದು ಹುಡುಗ ಕೂಗಿದ್ದಕ್ಕೆ ಮತ್ತೆ ಹಟ್ಟಿಗೆ ಓಡಿದ್ದಳು.